ಸಹಾಯ ಬೇಕು: ಕಡಲಿನ ಮೇಲಿನ ಒತ್ತಡಗಳನ್ನು ಸುಮ್ನೆ ಕೂಡಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು, ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್ ತಮಿಳುನಾಡು ಕರಾವಳಿಯ ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದ ಬಗ್ಗೆ. ಅಲ್ಲಿ 21 ದ್ವೀಪಗಳು, ಸುತ್ತ ಹವಳ, ಕಡಲಹುಲ್ಲು.

ಟ್ರಾಲರ್ ಮೀನುಗಾರಿಕೆ, ಕೊಳಚೆ ನೀರು, ಹೂಳು, ಬಿಸಿಯಾಗುತ್ತಿರುವ ನೀರು, ಎಲ್ಲಕ್ಕೂ ಮ್ಯಾಪ್ ಮಾಡಿದ್ದೇನೆ. ಪ್ರತಿ ಒತ್ತಡಕ್ಕೆ 0ರಿಂದ 1ರವರೆಗೆ ಅಂಕ ಕೊಟ್ಟೆ. ಹವಳಕ್ಕೆ ಎಷ್ಟು ಪೆಟ್ಟು, ಹುಲ್ಲಿಗೆ ಎಷ್ಟು ಅನ್ನುವ ತೂಕದಿಂದ ಗುಣಿಸಿ ಕೂಡಿಸಿದೆ. 2008ರಲ್ಲಿ ಕಡಲ ವಿಜ್ಞಾನಿ ಬೆಂಜಮಿನ್ ಹಾಲ್ಪರ್ನ್ ಅವರ ತಂಡ ಜಗತ್ತಿನ ಸಮುದ್ರಗಳಿಗೆ ಮಾಡಿದ್ದೂ ಹೆಚ್ಚುಕಡಿಮೆ ಹೀಗೇ.

ಸಿಕ್ಕಿಕೊಂಡಿರುವುದು ಇಲ್ಲಿ. ಬಿಸಿಗೆ ಬಿಳಿಚಿ ಸೊರಗಿದ ಹವಳದ ಮೇಲೆ ಹೂಳೂ ಕೂತರೆ, ಪೆಟ್ಟು ಎರಡರ ಮೊತ್ತಕ್ಕಿಂತ ಜಾಸ್ತಿ ಆಗಬಹುದು ಅಲ್ವಾ? ಕೂಡಿಸುವ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಸಾಯುತ್ತಿರುವ ಜಾಗ ಮ್ಯಾಪಿನಲ್ಲಿ ಹಸಿರಾಗಿ ಕಂಡರೆ ನನಗೆ ಸಮಾಧಾನವಿಲ್ಲ.

ಈ ಜೋಡಿಗೆ ಬೇರೆ ಗುಣಕ ಸೇರಿಸಲಾ, ಇಲ್ಲಾ ಕೂಡಿಸಿದ್ದನ್ನೇ ಇಟ್ಟು ತೂಕಗಳನ್ನು ಏರಿಳಿಸಿ ನೋಡಿದರೆ ಸಾಕಾ? ಗುಣಕ ಬೇಕಾದರೆ ಅದನ್ನು ಯಾವ ಆಧಾರದ ಮೇಲೆ ನಿರ್ಧರಿಸಲಿ?