ಅಜ್ಜಿಯ ವೀಣೆ: ದಂತ ಅಂತಾರೆ, 150 ವರ್ಷ ಅಂತಾರೆ. ಬೆಲೆ ಕಟ್ಟಿಸುವುದು ಹೇಗೆ?

ಚಿಂತಾಮಣಿಯವಳು

ಅಜ್ಜಿಯ ವೀಣೆ ನನ್ನ ಪಾಲಿಗೆ ಬಂದಿದೆ. ಹಲಸಿನ ಮರದ್ದು, ತುದಿಯಲ್ಲಿ ಯಾಳಿ (ಸಿಂಹದಂಥ ಪ್ರಾಣಿ) ಮುಖ, ಕೊಡದ (ದುಂಡನೆ ಬುರುಡೆ) ಅಂಚಿಗೆಲ್ಲ ಬಿಳಿ ಪಟ್ಟಿಯ ಕುಸುರಿ. ತಂತಿ ಬಿಗಿಯುವ ಎರಡು ಬಿರಡೆಗಳ ಬಣ್ಣ ಬೇರೆ. ಮೇಣ ಒಣಗಿ ಮೆಟ್ಟಿಲುಗಳು (ತಂತಿ ಕೆಳಗಿನ ಸ್ವರದ ಕಂಬಿಗಳು) ಅಲ್ಲಾಡುತ್ತಿವೆ. ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು ನೋಡಿ, "150 ವರ್ಷದ್ದು, ಅಪ್ಪಟ ದಂತ, ಫಾರಿನ್ನಲ್ಲಿ ಗಿರಾಕಿ ಇದ್ದಾರೆ" ಎಂದು ಎರಡೂವರೆ ಲಕ್ಷ ಹೇಳಿದರು. ಪಾಲಿಶ್ ಹೊಡೆಸಿದರೆ ಇನ್ನೂ ಜಾಸ್ತಿಯಂತೆ. ತಮ್ಮ ಮಾರೋಣ ಅಂತಾನೆ. ನನಗೆ ಇಟ್ಟುಕೊಂಡು ವಿಮೆ ಮಾಡಿಸುವ ಆಸೆ. ಎರಡಕ್ಕೂ ಸರ್ಟಿಫಿಕೇಟ್ ಬೇಕಲ್ವಾ, ಯಾರು ಕೊಡುತ್ತಾರೆ?

ಮೇಳ ಕಟ್ಟುವವ, ತುಮಕೂರು

ವೀಣೆಗೆ ಮೇಣ ಹಾಕಿ ಮೆಟ್ಟಿಲು ಕೂರಿಸುವುದು, ಅಂದರೆ ಮೇಳ ಕಟ್ಟುವುದು, ನನ್ನ ಕೆಲಸ. ಮೊದಲು ಪಾಲಿಶ್ ಮಾತು ಬಿಡಿ. ಹಳೇ ಮೆರುಗು ಹೋದರೆ ಕಾಲ ಹೇಳುವ ಗುರುತುಗಳೂ ಅದರ ಜೊತೆಗೇ ಹೋಗುತ್ತವೆ.

ಆ ವ್ಯಾಪಾರಿಯ ಮಾತು ನೋಡಿ ನಗು ಬಂತು. ನಿಜವಾಗಿ ದಂತವಾಗಿದ್ದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ನೀವು ಮಾರುವಂತೆಯೇ ಇಲ್ಲ, ಅವರು ಕೊಳ್ಳುವಂತೆಯೂ ಇಲ್ಲ. ಪಿತ್ರಾರ್ಜಿತವಾಗಿ ಬಂದರೂ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ನಿಜವಾಗಿ 150 ವರ್ಷದ್ದಾಗಿದ್ದರೆ ಇನ್ನೊಂದು ಕಾಯ್ದೆ ಇದೆ. 100 ವರ್ಷ ದಾಟಿದ ಇಂಥ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಆಚೆ ಕಳಿಸುವ ಹಾಗಿಲ್ಲ. ಬೆಲೆ ಏರಿಸಲು ಅವರು ಹೇಳಿದ ಎರಡು ಮಾತೂ ಅವರ ವ್ಯಾಪಾರವನ್ನೇ ಮುಚ್ಚುತ್ತವೆ!

ಪಟ್ಟಿ ಏನೆಂದು ನೋಡಲು ಹಗಲು ಬೆಳಕು, ಒಂದು ಭೂತಗನ್ನಡಿ ಸಾಕು. ಚುಕ್ಕಿ ಚುಕ್ಕಿಯಾಗಿ ಸಣ್ಣ ತೂತುಗಳು ಕಂಡರೆ ಮೂಳೆ ಇರಬಹುದು. ಎಲ್ಲ ಕಡೆ ಒಂದೇ ಸಮ ಇದ್ದು, ಮೂಲೆಯಲ್ಲಿ ಹಳದಿ ತಿರುಗಿದ್ದರೆ ಪ್ಲಾಸ್ಟಿಕ್ ಜಾತಿ. ಆನೆ ದಂತದಲ್ಲಿ ಅಡ್ಡ ಕೊಯ್ದ ಕಡೆ ಒಂದರ ಮೇಲೊಂದು ಹಾಯ್ದ ಗೆರೆಗಳಿರುತ್ತವೆ. ಪಟ್ಟಿ ತೆಳುವಾದರೆ ಅವು ಕಾಣುವುದು ಕಷ್ಟ. ಜಿಂಕೆ ಕೊಂಬನ್ನೂ ಬಳಸುತ್ತಿದ್ದರು, ಅದಕ್ಕೂ ಅದೇ ಕಾಯ್ದೆ. ಸೂಜಿ ಕಾಯಿಸಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸುಮ್ನೆ ಹಾಳಾಗುತ್ತದೆ.

ವಯಸ್ಸಿನ ವಿಷಯ. ಬಿರಡೆ, ಮೇಣ, ಮೆಟ್ಟಿಲು, ತಂತಿ, ಇವೆಲ್ಲ ಕಾಲಕಾಲಕ್ಕೆ ಬದಲಾಗುವಂಥವು. ಅವನ್ನು ನೋಡಿ ವರ್ಷ ಹೇಳುವವರನ್ನು ನಂಬಬೇಡಿ. ಕೊಡದ ಮರದ ಎಳೆ ಕಡಿಯದೆ ದಂಡಿಯವರೆಗೆ (ಉದ್ದನೆಯ ಕುತ್ತಿಗೆ) ಹರಿದಿದೆಯಾ, ಇಲ್ಲ ನಡುವೆ ಬೆಸುಗೆ ಇದೆಯಾ ನೋಡಿ. ಬೆಸುಗೆ ಇಲ್ಲದಿದ್ದರೆ ಏಕಾಂಡ, ಅಂದರೆ ಒಂದೇ ಮರದ ತುಂಡಿನಲ್ಲಿ ಕೊರೆದದ್ದು, ಅದಕ್ಕೆ ಬೆಲೆ ಜಾಸ್ತಿ. ಎಲ್ಲಾದರೂ ಪ್ಲಸ್ ತಲೆಯ ಸ್ಕ್ರೂ ಕಂಡರೆ ಆ ಕೆಲಸ 1930ರ ದಶಕಕ್ಕಿಂತ ಹಿಂದಿನದಲ್ಲ. ಯುರೋಪಿನ ಪಿಟೀಲಿನ ಮೇಲ್ಹಲಗೆಯ ಬೆಳವಣಿಗೆ ಉಂಗುರ ಎಣಿಸಿ ಕಾಲ ಹೇಳುತ್ತಾರೆ. ನಮ್ಮ ಹಲಸಿನ ಮರಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಅಜ್ಜಿ ವೀಣೆ ಹಿಡಿದ ಹಳೇ ಫೋಟೋ, ಕೊಂಡ ರಸೀದಿ, ಮದುವೆ ಪಟ್ಟಿ ಇದ್ದರೆ ಹುಡುಕಿ. ನನ್ನ ಅಭಿಪ್ರಾಯದಲ್ಲಿ ಯಾವ ಸರ್ಟಿಫಿಕೇಟಿಗಿಂತಲೂ ಅದೇ ಗಟ್ಟಿ ಸಾಕ್ಷಿ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಇಲ್ಲಿ ಗಣಿ ಕಾಲದ ಪಿಟೀಲುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ನಮ್ಮ ಮನೆಯದರ ಒಳಗೆ "ಸ್ಟ್ರಾಡಿವೇರಿಯಸ್ 1721" ಎಂಬ ಚೀಟಿ. ಅದರ ಕೆಳಗೇ ಸಣ್ಣಕ್ಷರದಲ್ಲಿ "ಮೇಡ್ ಇನ್ ಚೆಕೊಸ್ಲೊವಾಕಿಯಾ". ಆ ಹೆಸರಿನ ಪ್ರಸಿದ್ಧ ಪಿಟೀಲು ತಯಾರಕ ಮಹಾಶಯ ತೀರಿಕೊಂಡಿದ್ದು 1737ರಲ್ಲಿ, ಆ ದೇಶ ಹುಟ್ಟಿದ್ದು 1918ರಲ್ಲಿ 😄

ನಿವೃತ್ತ ವಿಮಾ ಸರ್ವೇಯರ್

ವಿಮೆಯ ಬೆಲೆ ಬೇರೆ, ಮಾರಾಟದ ಬೆಲೆ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಕೇಳಬೇಡಿ. ವಿಮೆಗೆ ಬೇಕಾದದ್ದು ಅಂಥದ್ದೇ ಇನ್ನೊಂದು ಮಾಡಿಸಲು ಇವತ್ತು ಎಷ್ಟಾಗುತ್ತದೆ ಅನ್ನುವುದು. ವೀಣೆ ಮಾಡುವವರ ಹತ್ತಿರ ಲೆಟರ್‌ಹೆಡ್ಡಿನಲ್ಲಿ ಬರೆಸಿ. ಅಳತೆ, ಮರ, ಬಿರುಕು, ರಿಪೇರಿ ಎಲ್ಲ ಅದರಲ್ಲಿರಲಿ, ಜೊತೆಗೆ ಫೋಟೋ. ಮಾರುವಾಗ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.

ಭಾರತ್ ಗೃಹ ರಕ್ಷಾ ಮನೆ ಪಾಲಿಸಿಯಲ್ಲಿ ಬೆಲೆಬಾಳುವ ವಸ್ತುಗಳನ್ನು ಮೊದಲೇ ಒಪ್ಪಿದ ಬೆಲೆಗೆ ಸೇರಿಸಬಹುದು. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ಮೌಲ್ಯದ ಸರ್ಟಿಫಿಕೇಟೂ ಬೇಕಿಲ್ಲ. ಹುಳ ಹಿಡಿದರೆ, ಹಳತಾಗಿ ಸೀಳಿದರೆ ಕೊಡುವುದಿಲ್ಲ. ಸಂಗೀತ ಕಛೇರಿಗೆ ಒಯ್ಯುವಾಗ ಬಿದ್ದರೂ ಅಷ್ಟೇ, ಅದಕ್ಕೆ ಆಲ್ ರಿಸ್ಕ್ ಪಾಲಿಸಿ ಬೇರೆ.

ಚಿಂತಾಮಣಿಯವಳು

ತುಂಬಾ ಥ್ಯಾಂಕ್ಸ್. ಪಟ್ಟಿಯಲ್ಲಿ ಚುಕ್ಕಿ ಇವೆ, ಮೂಳೆ ಇರಬೇಕು. ಕೊಡಕ್ಕೂ ದಂಡಿಗೂ ಬೆಸುಗೆ ಇದೆ. "ದಂತ, 150 ವರ್ಷ" ಅಂತ ಬರೆದು ಸಹಿ ಹಾಕಿಕೊಡಿ ಎಂದು ಆ ವ್ಯಾಪಾರಿಗೆ ಕೇಳಿದೆ. ಅವತ್ತಿಂದ ಫೋನ್ ಎತ್ತುತ್ತಿಲ್ಲ. ತಮ್ಮನೂ ತಣ್ಣಗಾಗಿದ್ದಾನೆ. ವಿಮೆಗೆ ಮುಂಚೆ ಮೇಳ ಕಟ್ಟಿಸಲಾ, ಆಮೇಲೆ ಕಟ್ಟಿಸಲಾ?

ಮೇಳ ಕಟ್ಟುವವ, ತುಮಕೂರು

ಮುಂಚೆಯೇ. ಆದರೆ ಈಗಿರುವ ಹಾಗೆ ಫೋಟೋ ತೆಗೆದಿಟ್ಟುಕೊಂಡು ಕಟ್ಟಿಸಿ. ಅಲ್ಲಿಯವರೆಗೆ ತಂತಿ ಸಡಿಲ ಬಿಡಿ, ಬೆಸುಗೆ ಮೇಲೆ ಎಳೆತ ಬೀಳಬಾರದು.