ದಿನಾ ಒಂದೇ ಟೋಲ್ ದಾಟುವವರಿಗೆ ವಾರ್ಷಿಕ ಪಾಸ್ ಲಾಭವಾ?

ಪ್ರಶ್ನೆ:
ನಮಸ್ಕಾರ. ನಾನು ಶಾಲೆಯಲ್ಲಿ ಟೀಚರ್. ಮನೆ ಟೋಲ್‌ನಿಂದ 12 ಕಿ.ಮೀ. ಈಚೆ, ಶಾಲೆ ಟೋಲ್ ಆಚೆ. ವಾರಕ್ಕೆ ಆರು ದಿನ ಕಾರಿನಲ್ಲಿ ಹೋಗಿ ಬರುತ್ತೇನೆ. ಬೆಳಿಗ್ಗೆ ಫಾಸ್ಟ್ಯಾಗ್‌ನಿಂದ 80 ರೂಪಾಯಿ ಕಟ್ ಆಗುತ್ತದೆ, ಸಂಜೆ ವಾಪಸ್ ಬರುವಾಗ 40. ತಿಂಗಳಿಗೆ ಹತ್ತಿರ ಹತ್ತಿರ 3,000 ಆಯ್ತು! ವಾರ್ಷಿಕ ಪಾಸ್ ತಗೊಂಡರೆ ವರ್ಷ ಪೂರ್ತಿ ಚಿಂತೆ ಇಲ್ಲ ಅನ್ನುತ್ತಾರೆ ಜೊತೆಯವರು. ನಿಜಾನಾ?

ಉತ್ತರ 1:
ವರ್ಷ ಪೂರ್ತಿ ಬರುವುದಿಲ್ಲ ಮೇಡಂ. 2025ರ ಆಗಸ್ಟ್ 15ರಂದು ಶುರುವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ನೀವು ಹೇಳಿದಂಥ ಟೋಲ್‌ನಲ್ಲಿ ಹೋಗುವುದು ಒಂದು ಟ್ರಿಪ್, ಬರುವುದು ಇನ್ನೊಂದು. ದಿನಕ್ಕೆ ಎರಡು, ಅಂದರೆ ನೂರು ದಿನ. ನಾಲ್ಕು ತಿಂಗಳಿಗೆ ಖಾಲಿ. ಆದರೂ ಆ ಬೆಲೆಗೆ ಒಂದು ಸಲ ದಾಟಲು 15 ರೂಪಾಯಿಯಷ್ಟೇ ಬೀಳುತ್ತದೆ, ಈಗ ಕೊಡುವುದಕ್ಕಿಂತ ಎಷ್ಟೋ ಕಡಿಮೆ.

ಆದರೆ ನೀವು ಮೊದಲು ಕೇಳಬೇಕಾದದ್ದು ಲೋಕಲ್ ಪಾಸ್. ಟೋಲ್‌ನಿಂದ 20 ಕಿ.ಮೀ. ಒಳಗೆ ಮನೆ ಇದ್ದು, ಸ್ವಂತ ಬಳಕೆಯ ಕಾರು ಇದ್ದರೆ ತಿಂಗಳ ಪಾಸ್ ಸಿಗುತ್ತದೆ. 2025-26ರಲ್ಲಿ 350 ರೂಪಾಯಿ ಇತ್ತು. ದರ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಅದೊಂದೇ ಟೋಲ್‌ಗೆ ನಡೆಯುತ್ತದೆ, ನಿಮಗೆ ಬೇಕಾದದ್ದೂ ಅದೇ ಅಲ್ವಾ? ಒಂದು ಷರತ್ತಿದೆ. ನೀವು ಬಳಸಬಹುದಾದ ಸರ್ವೀಸ್ ರಸ್ತೆಯೋ ಬೇರೆ ದಾರಿಯೋ ಇದ್ದರೆ ಈ ಪಾಸ್ ಕೊಡುವುದಿಲ್ಲ.

ಉತ್ತರ 2:
ಇನ್ನೊಂದು ವಿಷಯ. ಎರಡೂ ಪಾಸ್ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗೆ ಮಾತ್ರ. ರಾಜ್ಯ ಹೆದ್ದಾರಿ ಟೋಲ್ ಆದರೆ ಸುಮ್ನೆ ದುಡ್ಡು ದಂಡ.

ಹೋದ ತಿಂಗಳು ನನ್ನ ಟ್ಯಾಗ್‌ನಲ್ಲಿ ದುಡ್ಡಿದ್ದರೂ ಟೋಲ್‌ನ ಯಂತ್ರ ಕೆಟ್ಟು ಓದಲಿಲ್ಲ. ಎರಡು ಪಟ್ಟು ಕೇಳಿದರು. ಹಿಂದೆ ಹಾರ್ನ್ ಜಾಸ್ತಿಯಾಯಿತು, ಕೊಟ್ಟುಬಿಟ್ಟೆ. ಈಗಲೂ ಬೇಜಾರು. ಟ್ಯಾಗ್ ಸರಿಯಿದ್ದು ಅವರ ಯಂತ್ರ ಕೆಟ್ಟಿದ್ದರೆ ಹಣ ತಗೊಳ್ಳದೆ ಬಿಡಬೇಕು, ಸೊನ್ನೆ ರೂಪಾಯಿ ರಸೀದಿ ಕೊಡಬೇಕು. ದಯವಿಟ್ಟು ನೀವು ಕೊಡಬೇಡಿ, ಅಲ್ಲಿಂದಲೇ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಎರಡು ವರ್ಷದಿಂದ ದಾಟುತ್ತಿದ್ದೇನೆ, ಲೋಕಲ್ ಪಾಸ್ ಇದೆ ಅಂತ ಒಬ್ಬರೂ ಹೇಳಲಿಲ್ಲ. ನಮ್ಮ ಕಡೆ ಸರ್ವೀಸ್ ರಸ್ತೆ ಹಳ್ಳದ ಹತ್ತಿರ ನಿಂತೇ ಹೋಗುತ್ತದೆ. ನಾಳೆ ಆರ್‌ಸಿ, ಆಧಾರ್ ತಗೊಂಡು ಟೋಲ್ ಆಫೀಸಿಗೆ ಹೋಗುತ್ತೇನೆ. ಆ ಹಳ್ಳದ ಫೋಟೋನೂ ತೆಗೆದುಕೊಂಡು ಹೋಗುತ್ತೇನೆ.