ಅಪ್‌ಡೇಟ್: ಮಗಳ ಸೊಂಟದ ಆಪರೇಷನ್ ಆಯಿತು

2 ವರ್ಷದ ಮಗಳು ಕುಂಟುತ್ತಾಳೆ, ಹುಟ್ಟಿನಿಂದಲೇ ಎಡ ಸೊಂಟದ ಕೀಲು ಜಾರಿದೆಯಂತೆ, ಆಪರೇಷನ್ ಮಾಡಿಸಬೇಕಾ ಅಂತ ಕೇಳಿದ್ದೆನಲ್ಲಾ. ಮಾಡಿಸಿದೆವು. ಕಾಲು ಅಗಲಿಸಿ ಹಿಡಿಯುವ ಬೆಲ್ಟ್‌ನಲ್ಲೇ ಸರಿಹೋಗಲ್ವಾ ಅಂತ ಕೆಲವರು ಕೇಳಿದ್ದಿರಿ. ಅದು ಹೆಚ್ಚಾಗಿ 6 ತಿಂಗಳೊಳಗಿನ ಮಕ್ಕಳಿಗೆ. ನಮಗೆ ಗೊತ್ತಾಗಿದ್ದೇ ಅವಳು ನಡೆಯಲು ಶುರು ಮಾಡಿದ ಮೇಲೆ.

ಕೀಲು ತೆರೆದು, ತೊಡೆಮೂಳೆಯ ಗುಂಡನ್ನು ಗುಳಿಯಲ್ಲಿ ಕೂರಿಸಿದರು. ಗುಳಿಗೆ ಆಳವೇ ಇರಲಿಲ್ಲ. ಅದಕ್ಕೆ ಸೊಂಟದ ಮೂಳೆ ಕತ್ತರಿಸಿ ತಿರುಗಿಸಿ, ಸಂದಿಗೆ ಅವಳದ್ದೇ ಮೂಳೆಯ ತುಂಡು ಇಟ್ಟು ತಂತಿ ಹಾಕಿದರು. ಸಾಲ್ಟರ್ ವಿಧಾನ ಅಂತಾರೆ.

ಆಪರೇಷನ್‌ಗಿಂತ ಪ್ಲಾಸ್ಟರ್ ದಿನಗಳೇ ಕಷ್ಟ. ಎದೆಯ ಕೆಳಗಿನಿಂದ ಪಾದದವರೆಗೆ, 6 ವಾರ. ಉಚ್ಚೆ ಒಳಗೆ ಹೋದರೆ ಕಥೆ ಮುಗೀತು! ಚಿಕ್ಕ ಡೈಪರ್ ಅಂಚಿನೊಳಗೆ ತುರುಕಿ, ಮೇಲೊಂದು ದೊಡ್ಡದು ಹಾಕುತ್ತಿದ್ದೆವು. ತುರಿಕೆಗೆ ಅಂತ ಕಡ್ಡಿಗಿಡ್ಡಿ ತೂರಿಸಬೇಡಿ, ಒಳಗೆ ಗಾಯವಾಗುತ್ತದೆ.

ಹಾಂ, ಸೊಂಟದ ಮೇಲೆ ಎತ್ತಿಕೊಂಡಿದ್ದಕ್ಕೇ ಹೀಗಾಯ್ತು ಅಂತ ಅತ್ತೆಯ ಮೇಲೆ ಸುಮ್ನೆ ರೇಗಿದ್ದೆ. ಉಲ್ಟಾ, ಕಾಲು ಅಗಲಿಸಿ ಎತ್ತಿಕೊಳ್ಳುವುದೇ ಒಳ್ಳೆಯದಂತೆ. ಕಾಲು ನೇರ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಕೀಲಿಗೆ ಕೆಟ್ಟದ್ದು. ಅತ್ತೆಗೆ ಸಾರಿ ಹೇಳಿದೆ.

ಪ್ಲಾಸ್ಟರ್, ತಂತಿ ತೆಗೆದು 3 ವಾರವಾಯಿತು. ಕಾಲು ಇನ್ನೂ ಬಿಗಿ. ನಿನ್ನೆ ಸೋಫಾ ಹಿಡಿದು ನಿಂತಳು. ಮುಂದಿನ ತಿಂಗಳು ಎಕ್ಸ್‌ರೇ ಇದೆ.